ಮಲಗುವ ಮುನ್ನ ಕಾಲು ಗಂಟೆ: ಆತ್ಮಶೋಧನೆ ಮಾಡುವ ಕ್ರಮ

ಯೊರ್ದಾನ್ ನದಿಯ ದಡದಲ್ಲಿ, ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಪ್ರವಾದಿ ಸ್ನಾನಿಕ ಯೊವಾನ್ನ ಪಶ್ಚಾತ್ತಾಪದ ಕರೆ ಕೊಟ್ಟಾಗ ಜನ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ನಾವೇನು ಮಾಡಬೇಕು?" ಅವನ ಉತ್ತರ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಬೇಕು. ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದು. ಸಿಪಾಯಿ ಯಾರನ್ನೂ ಬೆದರಿಸಿ ಹಣ ಕೀಳದೆ ತನ್ನ ಸಂಬಳದಲ್ಲಿ ತೃಪ್ತನಾಗಿರಬೇಕು (ಲೂಕ 3:10-14). "ನಾನು ದೊಡ್ಡ ಪಾಪಿ" ಎಂದು ಎದೆ ಬಡಿದುಕೊಳ್ಳುವುದು ಸುಲಭ. "ನಿನ್ನೆ ಸಂಜೆ ಅಮ್ಮನ ಫೋನನ್ನು ಬೇಕೆಂದೇ ಎತ್ತಲಿಲ್ಲ" ಎಂದು ಒಪ್ಪಿಕೊಳ್ಳುವುದೇ ಕಷ್ಟ. ಆತ್ಮಶೋಧನೆಯ ಕೆಲಸ ಶುರುವಾಗುವುದು ಈ ಎರಡನೆಯ ಮಾತಿನಿಂದ.

ಇಲ್ಲಿ ಹೇಳಿರುವ ಕ್ರಮ ಕಥೋಲಿಕ ಸನ್ಯಾಸಿಗಳ ಸಂಘವಾದ ಯೇಸುಸಭೆಯ (ಜೆಸ್ಯೂಟರ) ಸ್ಥಾಪಕ ಲೊಯೊಲಾದ ಸಂತ ಇಗ್ನೇಷಿಯಸ್ ಅವರದು. ಇದನ್ನು ಒಳಗೊಂಡ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಕೈಪಿಡಿಗೆ ಪೋಪ್ ಮೂರನೇ ಪೌಲ್ 1548ರಲ್ಲಿ ಒಪ್ಪಿಗೆ ಕೊಟ್ಟರು. ಕ್ರಮದ ಐದು ಹೆಜ್ಜೆ ಮೂಲದಲ್ಲಿದ್ದಂತೆಯೇ ಇವೆ. ನಿಮಿಷಗಳ ಹಂಚಿಕೆ ಮಾತ್ರ ಹೊಸಬರ ಅನುಕೂಲಕ್ಕೆ ನಾವು ಮಾಡಿಕೊಂಡದ್ದು.

ಕುಳಿತುಕೊಳ್ಳುವ ಮೊದಲು

ದಿನವೂ ಒಂದೇ ಹೊತ್ತು, ಒಂದೇ ಜಾಗ. ಹಾಸಿಗೆಯ ಮೇಲೆ ಬೇಡ, ಮೂರನೇ ಹೆಜ್ಜೆಗೆ ಬರುವಷ್ಟರಲ್ಲಿ ನಿದ್ದೆ ಹತ್ತಿರುತ್ತದೆ. ಬೆನ್ನು ನೆಟ್ಟಗಿರುವ ಕುರ್ಚಿ, ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ. ಬೈಬಲ್ ಆ್ಯಪ್ ಅದರಲ್ಲೇ ಇದೆ ಎಂಬ ನೆಪಕ್ಕೆ ಮಣಿಯಬೇಡಿ.

ಐದು ಹೆಜ್ಜೆ

ಮೊದಲ ಮೂರು ನಿಮಿಷ ಕೃತಜ್ಞತೆ. ಇದನ್ನು ಹಾರಿಸಿ ನೇರ ತಪ್ಪಿಗೆ ಇಳಿಯುವವರೇ ಹೆಚ್ಚು, ಅಲ್ಲೇ ಎಡವುವವರೂ ಹೆಚ್ಚು. ಯೇಸು ಹೇಳಿದ ಕಥೆಯಲ್ಲಿ, ಮನೆ ಬಿಟ್ಟು ಹೋಗಿ ದೂರ ದೇಶದಲ್ಲಿ ಹಂದಿ ಮೇಯಿಸುತ್ತಿದ್ದ ಕಿರಿಯ ಮಗನಿಗೆ ಮೊದಲು ನೆನಪಾದದ್ದು ತಂದೆಯ ಮನೆಯಲ್ಲಿ ಕೂಲಿಯವರಿಗೂ ಹೊಟ್ಟೆ ತುಂಬ ಊಟವಿದೆ ಎಂಬುದು. "ಪಾಪ ಮಾಡಿದ್ದೇನೆ" ಎಂಬ ಮಾತು ಬಂದದ್ದು ಆಮೇಲೆ (ಲೂಕ 15:17-18). ಮನೆಯ ನೆನಪಿಲ್ಲದವನು ತಿರುಗಿ ಹೋಗುವುದಾದರೂ ಎಲ್ಲಿಗೆ? ಆ ದಿನದ ಮೂರು ಒಳಿತುಗಳನ್ನು ಹೆಸರಿಟ್ಟು ಹೇಳಿ. "ಎಲ್ಲದಕ್ಕೂ ಸ್ತೋತ್ರ" ಎಂಬುದು ಲೆಕ್ಕಕ್ಕಿಲ್ಲ; ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗ ಲೆಕ್ಕಕ್ಕಿದ್ದಾನೆ.

ಎರಡನೆಯದು ಬೆಳಕಿಗಾಗಿ ಪ್ರಾರ್ಥನೆ, ಒಂದು ನಿಮಿಷ. ಕೀರ್ತನೆ 139ರ ಕೊನೆಯ ಎರಡು ವಚನಗಳನ್ನು ನಿಧಾನವಾಗಿ ಓದಿದರೆ ಸಾಕು. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಕೇಳಿ ಅವನ ಮೇಲೆ ಕೆರಳಿದ ಅರಸ ದಾವೀದನಿಗೆ, "ಆ ಮನುಷ್ಯ ನೀನೇ" ಎಂದು ಪ್ರವಾದಿ ನಾತಾನ ಹೇಳುವವರೆಗೆ ತನ್ನ ತಪ್ಪು ಕಂಡಿರಲಿಲ್ಲ (2 ಸಮುವೇಲ 12). ನಮ್ಮ ಕಣ್ಣೂ ಅಷ್ಟೇ ಕುರುಡು.

ಮೂರನೆಯದು ದಿನದ ಪರಿಶೀಲನೆ, ಆರು ನಿಮಿಷ. ಎದ್ದ ಹೊತ್ತಿನಿಂದ ಗಂಟೆ ಗಂಟೆಗೆ ಬನ್ನಿ: ಅಡುಗೆಮನೆ, ದಾರಿ, ಕೆಲಸದ ಜಾಗ, ಮರಳಿ ಮನೆ. ಪ್ರತಿ ಕಡೆಯಲ್ಲೂ ಮೊದಲು ಆಲೋಚನೆ, ಆಮೇಲೆ ಮಾತು, ಆಮೇಲೆ ಕ್ರಿಯೆ. ಕೊನೆಗೆ, ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದು. ಕಥೋಲಿಕರ ಆರಾಧನೆಯಾದ ಬಲಿಪೂಜೆಯ ಆರಂಭದ ಪಾಪ ಒಪ್ಪಿಗೆಯಲ್ಲಿ ಈ ನಾಲ್ಕೂ ಇವೆ, ಆದರೂ ನಾಲ್ಕನೆಯದು ಬಾಯಲ್ಲೇ ಜಾರಿಹೋಗುತ್ತದೆ. ಮನೆಗೆಲಸದವರ ಸಂಬಳ ಐದು ದಿನ ತಡವಾಯಿತೇ? ಬೇರೆಯವರು ಮಾಡಿದ ಕೆಲಸದ ಹೊಗಳಿಕೆಯನ್ನು ಸುಮ್ಮನೆ ನುಂಗಿಕೊಂಡೆವೇ? ಹೀಗೆ ಕೇಳಿ. "ಅವರು ಹಾಗೆ ಮಾಡಿದ್ದಕ್ಕೆ ನಾನು ಹೀಗೆ ಮಾಡಿದೆ" ಎಂಬ ವಾಕ್ಯ ಬಂದರೆ ಅದರ ಮೊದಲರ್ಧ ಹೊಡೆದುಹಾಕಿ.

ನಾಲ್ಕನೆಯದು ಕ್ಷಮೆ ಬೇಡುವುದು, ಎರಡು ನಿಮಿಷ. ಕಣ್ಣೀರು ಬರಲೇಬೇಕೆಂದಿಲ್ಲ; ದುಃಖಕ್ಕಿಂತ ಅದರ ದಿಕ್ಕು ಮುಖ್ಯ. ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನೂ ನೊಂದ, ಹಿಡಿದುಕೊಟ್ಟ ಶಿಷ್ಯ ಯೂದನೂ ನೊಂದ. ಒಬ್ಬ ಯೇಸುವಿನ ಕಡೆ ಮರಳಿದ, ಇನ್ನೊಬ್ಬ ತನ್ನೊಳಗೇ ಮುಳುಗಿದ. ಮಾತು ಹೊರಡದಿದ್ದರೆ ಪಶ್ಚಾತ್ತಾಪದ ಪ್ರಾರ್ಥನೆಯಾದ ಕೀರ್ತನೆ 51 ಇದೆ.

ಐದನೆಯದು ನಾಳೆಯ ನಿರ್ಧಾರ, ಮೂರು ನಿಮಿಷ. ಒಂದೇ ಒಂದು, ಅದಕ್ಕೊಂದು ಜಾಗ ಮತ್ತು ಹೊತ್ತು. "ಇನ್ನು ಸಿಟ್ಟು ಮಾಡುವುದಿಲ್ಲ" ಎಂಬುದು ಬೆಳಗಿನ ತಿಂಡಿಯ ಹೊತ್ತಿಗೇ ಮುರಿಯುತ್ತದೆ. "ಮಗಳು ಶಾಲೆಗೆ ಹೊರಡುವಾಗ ದನಿ ಏರಿಸುವುದಿಲ್ಲ" ಎಂದರೆ ಪಾಲಿಸಿದೆವೋ ಇಲ್ಲವೋ ರಾತ್ರಿ ಗೊತ್ತಾಗುತ್ತದೆ. ಪ್ರಭು ಕಲಿಸಿದ ಪ್ರಾರ್ಥನೆಯೊಂದಿಗೆ ಮುಗಿಸಿ.

ನೋಟ್‌ಬುಕ್ಕಿನ ಗೆರೆಗಳು

ಒಂದೇ ತಪ್ಪು ಮತ್ತೆಮತ್ತೆ ಕಾಡುತ್ತಿದ್ದರೆ ಇಗ್ನೇಷಿಯಸ್ ಇನ್ನೊಂದು ಉಪಾಯ ಹೇಳುತ್ತಾರೆ. ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ ಎಳೆಯಿರಿ. ಬೆಳಗ್ಗೆ ಏಳುತ್ತಲೇ ಆ ಒಂದು ತಪ್ಪಿನ ಬಗ್ಗೆ ಎಚ್ಚರ ವಹಿಸುವ ಸಂಕಲ್ಪ. ಮಧ್ಯಾಹ್ನದ ಊಟದ ನಂತರ ಮೇಲಿನ ಗೆರೆಯಲ್ಲಿ, ರಾತ್ರಿ ಊಟದ ನಂತರ ಕೆಳಗಿನ ಗೆರೆಯಲ್ಲಿ, ಆ ತಪ್ಪಿಗೆ ಬಿದ್ದಷ್ಟು ಸಲ ಚುಕ್ಕಿ. ಬಿದ್ದ ಆ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಹತ್ತು ಜನರ ನಡುವೆಯೂ ಯಾರಿಗೂ ಗೊತ್ತಾಗದಂತೆ ಇದನ್ನು ಮಾಡಬಹುದು ಎಂದೂ ಅವರು ಬರೆದಿದ್ದಾರೆ. ಆಮೇಲೆ ಮಧ್ಯಾಹ್ನದೊಂದಿಗೆ ರಾತ್ರಿಯನ್ನು, ಇಂದಿನೊಂದಿಗೆ ನಾಳೆಯನ್ನು, ಈ ವಾರದೊಂದಿಗೆ ಮುಂದಿನ ವಾರವನ್ನು ಹೋಲಿಸಿ ನೋಡುವುದು. ಮೊದಲ ವಾರ ಚುಕ್ಕಿ ಹೆಚ್ಚಾದರೆ ಹೆದರಬೇಡಿ. ಹೆಚ್ಚಿದ್ದು ತಪ್ಪಲ್ಲ, ಗಮನ ಇರಬಹುದು. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ.

ಪಾಪನಿವೇದನೆಗೆ ಹೋಗುವಾಗ

ಕಥೋಲಿಕರಿಗೆ ಈ ನೋಟ್‌ಬುಕ್ಕೇ ಸಿದ್ಧತೆ. ಪಾಪನಿವೇದನೆ ಎಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಸಂಸ್ಕಾರ; ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂಬ ನಿಯಮ ಬಿಷಪರ ಸಭೆಯಾದ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಿಂದ ಬಂದದ್ದು. ಗಂಭೀರ ಪಾಪಗಳನ್ನು ಬಗೆ ಮತ್ತು ಎಣಿಕೆ ಸಹಿತ ಹೇಳಬೇಕು: "ಸುಳ್ಳು ಹೇಳಿದೆ" ಎಂಬುದಕ್ಕಿಂತ "ಆಸ್ತಿ ವಿಚಾರದಲ್ಲಿ ಎರಡು ಸಲ ಸುಳ್ಳು ಸಾಕ್ಷಿ ಹೇಳಿದೆ". ಕಥೆ ಬೇಡ, ಅತ್ತೆಯ ಪಾಪವೂ ಬೇಡ. ಮರೆತುಹೋದ ಗಂಭೀರ ಪಾಪಕ್ಕೂ ಕ್ಷಮೆ ಸಿಕ್ಕಿರುತ್ತದೆ, ನೆನಪಾದಾಗ ಮುಂದಿನ ಸಲ ಹೇಳಬೇಕು. ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ಕೆಡುತ್ತದೆ. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಉದ್ದ ಸಾಲಿನಲ್ಲಿ ನಿಂತು ಅವಸರ ಪಡುವುದಕ್ಕಿಂತ, ಈಸ್ಟರ್‌ಗೆ ಸಿದ್ಧವಾಗುವ ತಪಸ್ಸು ಕಾಲದ ಆರಂಭದಲ್ಲೇ ಹೋಗುವುದು ಒಳ್ಳೆಯದು. ಈ ಸಂಸ್ಕಾರ ಇಲ್ಲದ ಸಭೆಗಳವರಿಗೆ ಯಾಕೋಬ 5:16 ಇದೆ: ನಂಬಿಕಸ್ಥ ವಿಶ್ವಾಸಿಯೊಬ್ಬರ ಮುಂದೆ ಬಾಯಿಬಿಟ್ಟು ಹೇಳಿ, ಜೊತೆಯಾಗಿ ಪ್ರಾರ್ಥಿಸುವುದು.

ಸರಿಪಡಿಸುವುದು

ಕದ್ದದ್ದನ್ನು ಇಟ್ಟುಕೊಂಡು ಕ್ಷಮೆ ಬೇಡುವುದು ಸಲ್ಲದು. ಮೋಶೆಯ ನಿಯಮದಲ್ಲಿ ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕಿತ್ತು (ಯಾಜಕಕಾಂಡ 6:5): ಸಾವಿರ ರೂಪಾಯಿಗೆ ಸಾವಿರದ ಇನ್ನೂರು. ಯೇಸುವನ್ನು ಕಂಡು ಮನಸ್ಸು ಬದಲಿಸಿದ ಸುಂಕದವನು ಜಕ್ಕಾಯ ಅದನ್ನೂ ಮೀರಿ ನಾಲ್ಕರಷ್ಟು ಎಂದ. ಹಣದ ಯಜಮಾನ ಸಿಗದಿದ್ದರೆ ಅವರ ಮನೆಯವರಿಗೆ, ಅವರೂ ಸಿಗದಿದ್ದರೆ ಬಡವರಿಗೆ. ಮನಸ್ಸು ಮುರಿದ ಕಡೆ "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಎನ್ನಬೇಡಿ, ಆ ‘ಆಗಿದ್ದರೆ’ಯಲ್ಲಿ ತಪ್ಪು ಅವರದೇ ಆಗಿಬಿಡುತ್ತದೆ. "ನಾನು ಹೀಗೆ ಅಂದೆ, ಅದು ತಪ್ಪು" ಎಂದು ಅಲ್ಲಿಗೇ ನಿಲ್ಲಿಸಿ. ಅವರು ಕ್ಷಮಿಸಲೇಬೇಕೆಂದು ಕಾಯುತ್ತ ನಿಲ್ಲುವುದೂ ಒಂದು ಬಗೆಯ ಒತ್ತಾಯವೇ.

ಅತಿಶಂಕೆ ಹತ್ತಿದರೆ

ಒಮ್ಮೆ ಹೇಳಿದ ಪಾಪವನ್ನೇ ಮತ್ತೆಮತ್ತೆ ಹೇಳಬೇಕೆನಿಸುವುದು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಕೊರಗುವುದು ಭಕ್ತಿಯ ಲಕ್ಷಣವಲ್ಲ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇಗ್ನೇಷಿಯಸ್ ಅವರನ್ನೂ ಈ ಕಾಟ ಪ್ರಾಣ ಬಿಡುವ ಯೋಚನೆಯವರೆಗೆ ಎಳೆದೊಯ್ದಿತ್ತು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆ ಬಿಡುಗಡೆ ಸಿಕ್ಕಿತು. ಹೀಗಾದರೆ ನೋಟ್‌ಬುಕ್ ಮುಚ್ಚಿಡಿ, ಮೊದಲ ಹೆಜ್ಜೆಯ ಕೃತಜ್ಞತೆಯೊಂದನ್ನೇ ಮಾಡಿ, ಒಬ್ಬರೇ ಗುರುಗಳ ಬಳಿ ಹೋಗಿ ಅವರ ಮಾತು ಕೇಳಿ. ಊಟ ನಿದ್ದೆ ಕೆಟ್ಟಿದ್ದರೆ ಮನೋವೈದ್ಯರನ್ನೂ ಕಾಣಬೇಕು.

ಪಶ್ಚಾತ್ತಾಪದ ಅಂಗವಾಗಿ ಕಥೋಲಿಕರಿಗೆ ಕಡ್ಡಾಯವಾದ ಉಪವಾಸದ ಲೆಕ್ಕ ಚಿಕ್ಕದು: ತಪಸ್ಸು ಕಾಲದ ಮೊದಲ ದಿನವಾದ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, 18 ತುಂಬಿದವರಿಂದ 59 ತುಂಬುವವರೆಗೆ, ಒಂದು ಹೊತ್ತು ಪೂರ್ತಿ ಊಟ. ಸಕ್ಕರೆ ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಇದು ಕಡ್ಡಾಯವಲ್ಲ.

ಒಂದು ರಾತ್ರಿ ತಪ್ಪಿಹೋದರೆ ಮರುದಿನ ಎರಡು ದಿನದ ಲೆಕ್ಕ ಒಟ್ಟಿಗೆ ಮಾಡಲು ಹೋಗಬೇಡಿ. ಆ ದಿನದ ಗೆರೆಗಳನ್ನು ಖಾಲಿ ಬಿಟ್ಟು, ಇಂದು ಬೆಳಗ್ಗೆ ಎದ್ದ ಹೊತ್ತಿನಿಂದ ಶುರುಮಾಡಿ.