ಗೋಡೆಯ ಮೇಲಿನ ಟಿವಿ ಬಹುಕಾಲ ಬಾಳಬೇಕಾದರೆ

ನಮ್ಮ ಮನೆಯ ಜಗುಲಿಯಲ್ಲಿರುವ 32 ಇಂಚಿನ ಟಿವಿಯನ್ನು ಕೊಂಡದ್ದು 2013ರ ದೀಪಾವಳಿಯಲ್ಲಿ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಮಡಿಸಿಟ್ಟ ಬಟ್ಟೆಗೂ ಬೂಸಲು ಹಿಡಿಯುತ್ತದೆ, ಬೇಸಿಗೆಯ ಕೊನೆಯಲ್ಲಿ ಸಿಡಿಲು ಬಡಿಯದ ವರ್ಷವಿಲ್ಲ, ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಇಷ್ಟರ ನಡುವೆಯೂ ಆ ಟಿವಿ ಒಂದೇ ಒಂದು ಬಾರಿ ರಿಪೇರಿ ಕಂಡು ಇಂದಿಗೂ ಸಂಜೆಯ ವಾರ್ತೆಯನ್ನು ತೋರಿಸುತ್ತಿದೆ. ಅದೇ ಅವಧಿಯಲ್ಲಿ ನೆಂಟರಿಷ್ಟರ ಮನೆಗಳಲ್ಲಿ ಎರಡನೆಯ ಟಿವಿ, ಮೂರನೆಯ ಟಿವಿ ಬಂದು ಹೋದುದನ್ನು ನಾನು ಕಂಡಿದ್ದೇನೆ. ನಮ್ಮದು ಹೆಚ್ಚಿನ ಬೆಲೆಯದೇನಲ್ಲ. ಆ ಒಂದು ರಿಪೇರಿಯ ದಿನ ಹಿಂದಿನ ಮುಚ್ಚಳ ತೆಗೆದಾಗ ಒಳಗಿರುವುದನ್ನು ಹತ್ತಿರದಿಂದ ನೋಡಿದೆ. ಅಂದಿನಿಂದ ಟಿವಿಯನ್ನು ಬಳಸುವ ಕ್ರಮವನ್ನೇ ಬದಲಾಯಿಸಿದೆ.

ಅದು 2018ರ ಮಳೆಗಾಲ. ಒಂದು ಸಂಜೆ ಧ್ವನಿ ಬರುತ್ತಿದ್ದಂತೆಯೇ ಚಿತ್ರ ಮಾಯವಾಯಿತು. ಮರುದಿನ ಬಂದ ಮೆಕ್ಯಾನಿಕ್ ಮೊದಲು ಕಿಟಕಿ ಬಾಗಿಲುಗಳನ್ನು ಮುಚ್ಚಿ ಕತ್ತಲೆ ಮಾಡಿಕೊಂಡು, ಮೊಬೈಲಿನ ಟಾರ್ಚನ್ನು ಪರದೆಗೆ ತೀರಾ ಹತ್ತಿರದಲ್ಲಿ ಓರೆಯಾಗಿ ಹಿಡಿದ. ಕಪ್ಪು ಪರದೆಯ ಒಳಗೆ ವಾರ್ತೆ ಓದುವವರ ಮುಖ ನೆರಳಿನಂತೆ ಅಲುಗುತ್ತಿತ್ತು. “ಅಮ್ಮಾ, ಚಿತ್ರ ಸರಿಯಾಗಿಯೇ ಇದೆ, ಹಿಂದಿನ ಬೆಳಕು ಹೋಗಿದೆ” ಎಂದ. ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ವಾಸ್ತವದಲ್ಲಿ ಎಲ್‌ಸಿಡಿ ಪರದೆಯೇ. ಆ ಪರದೆಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಉದ್ದನೆಯ ಪಟ್ಟಿಗಳ ಮೇಲೆ ಸಾಲಾಗಿ ಕೂರಿಸಿದ ಸಣ್ಣ ಎಲ್‌ಇಡಿ ದೀಪಗಳು ಉರಿಯುತ್ತವೆ. ಇವನ್ನೇ ಬ್ಯಾಕ್‌ಲೈಟ್ ಎನ್ನುವುದು. ಹೂಮಾಲೆಯ ದಾರದಂತೆ ಒಂದರ ಮೂಲಕ ಇನ್ನೊಂದಕ್ಕೆ ವಿದ್ಯುತ್ತು ಹರಿಯುವುದರಿಂದ, ಸಾಲಿನಲ್ಲಿ ಒಂದು ದೀಪ ಸುಟ್ಟು ತುಂಡಾದರೆ ಆ ಸಾಲೇ ಆರಿಹೋಗುತ್ತದೆ. ನಮ್ಮ ಟಿವಿಯಲ್ಲಿ ಸುಟ್ಟಿದ್ದು ಅಂಥ ಒಂದೇ ದೀಪ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಮಧ್ಯದಲ್ಲಿ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ.

ಆ ದೀಪಗಳನ್ನು ಬೇಗ ಮುಗಿಸುವುದು ಶಾಖ, ಶಾಖವನ್ನು ಹೆಚ್ಚಿಸುವುದು ನಾವು ಇಟ್ಟುಕೊಳ್ಳುವ ಬೆಳಕು. ಅಂಗಡಿಯಲ್ಲಿ ಟ್ಯೂಬ್‌ಲೈಟುಗಳ ಝಗಝಗ ಬೆಳಕಿನ ನಡುವೆ ಗಿರಾಕಿಯ ಕಣ್ಣು ಸೆಳೆಯಬೇಕೆಂದು ಟಿವಿಯನ್ನು ವಿವಿಡ್ ಅಥವಾ ಡೈನಾಮಿಕ್ ಎಂಬ ಕ್ರಮದಲ್ಲಿ ಇಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಅದೇ ಕ್ರಮದಲ್ಲಿಯೇ ವರ್ಷಗಟ್ಟಲೆ ಉರಿಯುತ್ತದೆ. ಟಿವಿ ಮನೆಗೆ ಬಂದ ದಿನವೇ ಸೆಟಿಂಗ್ಸ್‌ಗೆ ಹೋಗಿ ಅದನ್ನು ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಕ್ರಮಕ್ಕೆ ಬದಲಾಯಿಸಬೇಕು. ಅಲ್ಲಿಗೂ ನಿಲ್ಲದೆ ಬ್ಯಾಕ್‌ಲೈಟ್ ಎಂಬ ಅಂಕಿಯನ್ನು ಹುಡುಕಿ 100ರಿಂದ 50ರ ಆಸುಪಾಸಿಗೆ ಇಳಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಟಿವಿಗಳಲ್ಲಿ ಬ್ರೈಟ್‌ನೆಸ್ ಎಂಬುದು ಚಿತ್ರದ ಕಪ್ಪು ಭಾಗ ಎಷ್ಟು ಕಪ್ಪಾಗಿರಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತದೆ. ಅದನ್ನು ಇಳಿಸಿದರೆ ಚಿತ್ರ ಮಸಿ ಹಿಡಿದಂತಾಗುತ್ತದೆಯೇ ಹೊರತು ಹಿಂದಿನ ದೀಪಗಳಿಗೆ ಯಾವ ವಿಶ್ರಾಂತಿಯೂ ಸಿಗುವುದಿಲ್ಲ. ಇಳಿಸಬೇಕಾದದ್ದು ಬ್ಯಾಕ್‌ಲೈಟನ್ನು. ಮೊದಲ ದಿನ ನನ್ನ ಮೊಮ್ಮಗಳು “ಅಜ್ಜಿ, ಟಿವಿ ಮಂಕಾಗಿದೆ” ಎಂದು ಮುಖ ಸಣ್ಣದು ಮಾಡಿದ್ದಳು. ಎರಡು ದಿನ ತಡೆದುಕೋ ಎಂದೆ. ಮೂರನೆಯ ದಿನಕ್ಕೆ ಅವಳ ಕಣ್ಣು ಹೊಂದಿಕೊಂಡಿತ್ತು. ವ್ಯತ್ಯಾಸವನ್ನು ಕೈಯಿಂದಲೇ ತಿಳಿಯಬಹುದು. ಎರಡು ಗಂಟೆ ಟಿವಿ ನೋಡಿದ ಮೇಲೆ ಅದರ ಮೇಲಂಚಿನ ಹಿಂಬದಿಗೆ ಅಂಗೈ ಇಟ್ಟು ನೋಡಿ. ಪೂರ್ತಿ ಬೆಳಕಿನಲ್ಲಿ ಉರಿದಿದ್ದರೆ ಬಿಸಿ ಚೆನ್ನಾಗಿ ತಾಗುತ್ತದೆ, ಅರ್ಧಕ್ಕೆ ಇಳಿಸಿದ್ದರೆ ಉಗುರು ಬೆಚ್ಚಗೆ ಇರುತ್ತದೆ.

ಪರದೆಯ ಮೇಲೆ ಅಲ್ಲಲ್ಲಿ ನೀಲಿ ಅಥವಾ ನೇರಳೆ ಛಾಯೆ ಮೂಡತೊಡಗಿದರೆ, ಅಥವಾ ಹುಣ್ಣಿಮೆಯ ಚಂದ್ರನಂತೆ ದುಂಡನೆಯ ಬಿಳಿ ಚುಕ್ಕೆಗಳು ಕಾಣಿಸಿದರೆ, ಬ್ಯಾಕ್‌ಲೈಟ್ ದಣಿದಿದೆ ಎಂದು ತಿಳಿಯಬೇಕು. ಮೊದಲನೆಯದು ದೀಪದ ಮೇಲಿನ ಹಳದಿ ಲೇಪ ಶಾಖಕ್ಕೆ ಸವೆದುದರಿಂದ ಬರುತ್ತದೆ. ಎರಡನೆಯದು ದೀಪದ ಮೇಲೆ ಅಂಟಿಸಿದ ಪುಟ್ಟ ಲೆನ್ಸ್ ಕಳಚಿ ಬಿದ್ದುದರಿಂದ. ಎರಡೂ ಪರದೆಯ ರೋಗವಲ್ಲ, ರಿಪೇರಿಗೆ ಒಗ್ಗುವಂಥವು.

ಶಾಖದಿಂದ ಕೆಡುವ ಇನ್ನೊಂದು ವಸ್ತು, ಟಿವಿಯ ಒಳಭಾಗಗಳಿಗೆ ವಿದ್ಯುತ್ತು ಒದಗಿಸುವ ಪವರ್ ಬೋರ್ಡಿನಲ್ಲಿರುವ ಕೆಪಾಸಿಟರುಗಳು. ಇವು ಸಣ್ಣ ಡಬ್ಬಿಗಳಂತೆ ನಿಂತಿರುತ್ತವೆ, ಒಳಗೆ ದ್ರವವಿರುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕೆಲಸದವರು ಬಳಸುವ ಲೆಕ್ಕ. ಆದ್ದರಿಂದ ಟಿವಿಯನ್ನು ಷೋಕೇಸಿನ ಗೂಡಿನೊಳಗೆ ಅಳತೆಗೆ ಸರಿಯಾಗಿ ತುರುಕುವ ಅಭ್ಯಾಸ ಒಳ್ಳೆಯದಲ್ಲ. ಮೇಲೆ ಮತ್ತು ಎರಡೂ ಬದಿಗಳಲ್ಲಿ ಕನಿಷ್ಠ 10 ಸೆಂಟಿಮೀಟರ್‌ನಷ್ಟು ಜಾಗ ಇರಲಿ. ಸೆಟ್‌ಟಾಪ್ ಬಾಕ್ಸನ್ನು ಟಿವಿಯ ಬೆನ್ನಿಗೆ ಅಂಟಿಸುವುದು ನೋಟಕ್ಕೆ ಚೆಂದ, ಆದರೆ ಅದು ತನ್ನ ಬಿಸಿಯನ್ನೂ ಟಿವಿಗೇ ಕೊಡುತ್ತದೆ. ಧೂಳು ಬೀಳದಿರಲೆಂದು ಕಸೂತಿ ಬಟ್ಟೆ ಹೊದಿಸುವವರು ಟಿವಿ ಹಾಕುವ ಮೊದಲು ಅದನ್ನು ಪೂರ್ತಿ ತೆಗೆಯಬೇಕು; ಮೇಲಕ್ಕೆ ಮಡಿಸಿ ಬಿಟ್ಟರೆ ಗಾಳಿಯಾಡುವ ರಂಧ್ರಗಳೇ ಮುಚ್ಚಿಹೋಗುತ್ತವೆ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ ದಾಟುವುದರಿಂದ, ಅಲ್ಲಿನವರು ಪಶ್ಚಿಮದ ಬಿಸಿಲು ಕಾಯಿಸುವ ಗೋಡೆಯನ್ನು ಟಿವಿಗೆ ಆರಿಸದಿರುವುದು ಕ್ಷೇಮ.

ಇನ್ನು ಕರೆಂಟಿನ ವಿಷಯ. ನಿಧಾನವಾಗಿ ಕೆಡಿಸುವುದು ಶಾಖವಾದರೆ, ಒಂದೇ ಕ್ಷಣದಲ್ಲಿ ಮುಗಿಸುವುದು ಇದು. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಈಗಿನ ಬಹುತೇಕ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ಹೊಂದಿಕೊಂಡು ಕೆಲಸ ಮಾಡುವುದರಿಂದ ವೋಲ್ಟೇಜ್ ಇಳಿದಾಗ ಹೆದರಬೇಕಾಗಿಲ್ಲ, ಹೆದರಬೇಕಾದದ್ದು ಏರಿದಾಗ. ಟಿ.ಸಿ.ಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಿಂದ, ಬರುವ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಅದರ ಜೋಡಣೆ ಸಡಿಲಾದರೆ ಕೆಲವು ಮನೆಗಳಿಗೆ 400 ವೋಲ್ಟಿನ ಹತ್ತಿರಕ್ಕೆ ವಿದ್ಯುತ್ತು ನುಗ್ಗಬಹುದು. ಗಾಳಿ ಮಳೆಗೆ ಮರದ ಕೊಂಬೆ ಬಿದ್ದಾಗ ಇದು ಹೆಚ್ಚಾಗಿ ಆಗುತ್ತದೆ. ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ, ಫ್ಯಾನು ಎಂದಿಲ್ಲದ ವೇಗದಲ್ಲಿ ತಿರುಗಿದರೆ, ಏಕೆಂದು ಯೋಚಿಸುತ್ತಾ ನಿಲ್ಲದೆ ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ಲೈನ್‌ಮನ್‌ಗೆ ಫೋನ್ ಮಾಡಿ. ಮನೆಯ ಮಕ್ಕಳಿಗೂ ಇದನ್ನು ಕಲಿಸಿಡಿ. ಇಂಥ ತೊಂದರೆ ಹೆಚ್ಚಿರುವ ಊರುಗಳಲ್ಲಿ, ವೋಲ್ಟೇಜ್ ಮಿತಿ ಮೀರಿದೊಡನೆ ತಾನೇ ಕಡಿದುಹಾಕುವ ಸ್ಟೆಬಿಲೈಸರ್ ಇಟ್ಟುಕೊಳ್ಳುವುದು ಒಳ್ಳೆಯದು. ಕರೆಂಟು ಹೋದಾಗ ಟಿವಿಯ ಸ್ವಿಚ್ ಆರಿಸಿ, ಮರಳಿ ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕಿ, ಏಕೆಂದರೆ ಬರುವ ಹೊತ್ತಿನ ಏರಿಳಿತವೇ ಹೆಚ್ಚು ಹಾನಿ ಮಾಡುತ್ತದೆ.

ಸ್ಪೈಕ್ ಗಾರ್ಡ್ ಎಂದು ಹಲವು ಸಾಕೆಟ್ಟುಗಳ ಪಟ್ಟಿಯೊಂದನ್ನು ತಂದು ನಿಶ್ಚಿಂತರಾಗುವವರಿದ್ದಾರೆ. ಅದರೊಳಗೆ ನಿಜವಾದ ಸರ್ಜ್ ರಕ್ಷಣೆ, ಅಂದರೆ ವೋಲ್ಟೇಜು ಥಟ್ಟನೆ ಜಿಗಿದಾಗ ತಡೆಯುವ ಭಾಗ, ಇದೆಯೇ ಎಂದು ಕೇಳಿ ಕೊಳ್ಳಬೇಕು. ಇದ್ದರೂ ಆ ಭಾಗ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಉಪ್ಪು ಇದ್ದಿಲು ತುಂಬಿದ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿಹೋಗುತ್ತದೆ. ನಮ್ಮಲ್ಲಿ ಶಿವರಾತ್ರಿ ಕಳೆದ ಮೇಲೆ ವಾರಕ್ಕೊಮ್ಮೆ ಎರಡು ಕೊಡ ನೀರನ್ನು ಅದಕ್ಕೆ ಹಾಕುವುದು ತುಳಸಿಗೆ ನೀರು ಹಾಕಿದಷ್ಟೇ ನಿಯಮಿತವಾದ ಕೆಲಸ.

ಸಿಡಿಲಿಗೆ ಮಾತ್ರ ಯಾವ ಪೆಟ್ಟಿಗೆಯನ್ನೂ ನಂಬಬೇಡಿ. ಭರಣಿ, ಕೃತ್ತಿಕೆ ಮಳೆಗಳ ಸಮಯದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತಿದ್ದಂತೆ, ಹಾಗೆಯೇ ಚಿತ್ತೆ, ಸ್ವಾತಿ ಮಳೆಗಳ ಗುಡುಗಿನ ಸಂಜೆಗಳಲ್ಲಿ, ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ಹೊರಗಿಡಬೇಕು. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಸ್ವಿಚ್ಚಿನ ಒಳಗಿನ ಅಂತರ ಸಿಡಿಲಿಗೆ ಒಂದು ಅಡ್ಡಿಯೇ ಅಲ್ಲ. ಪ್ಲಗ್ ಕಿತ್ತರೂ ಟಿವಿ ಹೋಯಿತು ಎಂದು ಗೋಳಾಡುವವರು ಮರೆತಿರುವುದು ಡಿಶ್ಶಿನ ತಂತಿಯನ್ನು. ಮಾಡಿನ ಮೇಲೆ ಬಯಲಿನಲ್ಲಿ ನಿಂತ ಡಿಶ್ಶಿನಿಂದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ ಬರುತ್ತದೆ, ಅಲ್ಲಿಂದ ಚಿತ್ರವನ್ನೂ ಧ್ವನಿಯನ್ನೂ ಒಯ್ಯುವ ಎಚ್‌ಡಿಎಂಐ ತಂತಿ ಟಿವಿಯ ಹೊಟ್ಟೆಗೆ ಹೋಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಹೀಗೆಯೇ ಆಯಿತು: ಪರದೆ ಚೆನ್ನಾಗಿತ್ತು, ಬೆಳಕು ಬರುತ್ತಿತ್ತು, ಆದರೆ ಎಚ್‌ಡಿಎಂಐ ಕಿಂಡಿಗಳೆಲ್ಲ ಸತ್ತು ‘ನೋ ಸಿಗ್ನಲ್’ ಎಂಬ ಬರಹವೊಂದೇ ತೇಲುತ್ತಿತ್ತು. ಆದ್ದರಿಂದ ಡಿಶ್ಶಿನ ತಂತಿಯನ್ನು ಬಾಕ್ಸಿನ ಹಿಂದಿನಿಂದ ತಿರುಗಿಸಿ ಬಿಚ್ಚಿ ದೂರವಿಡಬೇಕು, ಇಂಟರ್‌ನೆಟ್ಟಿನ ತಂತಿ ಟಿವಿಗೆ ಬಂದಿದ್ದರೆ ಅದನ್ನೂ ಕೀಳಬೇಕು. ಗುಡುಗು ಶುರುವಾದ ಮೇಲೆ ತಂತಿಗಳ ಹತ್ತಿರ ಹೋಗಬಾರದು. ಈ ಕೆಲಸವೆಲ್ಲ ಮೋಡ ಕಪ್ಪಾಗುವಾಗಲೇ ಮುಗಿಯಲಿ.

ಮಳೆಗಾಲದ ಥಂಡಿಗೆ ಸುಲಭವಾದ ಉಪಾಯವಿದೆ. ಟಿವಿಯನ್ನು ದಿನಕ್ಕೆ ಅರ್ಧ ಗಂಟೆಯಾದರೂ ಹಾಕಿ. ಅದರ ಸ್ವಂತ ಬೆಚ್ಚಗೆಯೇ ಒಳಗಿನ ತೇವವನ್ನು ಓಡಿಸುತ್ತದೆ. ಆಷಾಢದಲ್ಲಿ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಹೋಗುವವರು ಇದನ್ನು ಯಾರಿಗಾದರೂ ವಹಿಸಿ ಹೋಗುವುದು ಒಳ್ಳೆಯದು. ನೀರು ಜಿನುಗುವ ಹೊರಗೋಡೆಗೆ ಟಿವಿಯನ್ನು ತೂಗುಹಾಕಬಾರದು. ಉಡುಪಿ, ಕಾರವಾರದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪಿನ ಗಾಳಿ ತಗಲುವ ಕಿಟಕಿಯ ಎದುರಿನ ಜಾಗವೂ ಬೇಡ. ಬೆಚ್ಚಗಿನ ಜಾಗವೆಂದು ಹಲ್ಲಿಯೂ ಇರುವೆಯೂ ರಂಧ್ರಗಳಿಂದ ಒಳಸೇರುತ್ತವೆ. ನಮ್ಮ ಟಿವಿ ಬಿಚ್ಚಿದ ದಿನ ಪವರ್ ಬೋರ್ಡಿನ ಮೂಲೆಯಲ್ಲಿ ಒಣಗಿದ ಹಲ್ಲಿಯ ಮೊಟ್ಟೆಯ ಸಿಪ್ಪೆಗಳಿದ್ದವು. ಹಲ್ಲಿಯೇ ಎರಡು ತಂತಿಗಳ ನಡುವೆ ಸಿಕ್ಕಿಬಿದ್ದಿದ್ದರೆ ಬೋರ್ಡು ಉಳಿಯುತ್ತಿರಲಿಲ್ಲ. ಟಿವಿಯ ಬದಿಯಲ್ಲಿ ತಿಂಡಿಯ ಡಬ್ಬಿ ಇಡದಿರುವುದು, ತಿಂಗಳಿಗೊಮ್ಮೆ ಒಣ ಬ್ರಷ್ಷಿನಿಂದ ಹಿಂದಿನ ಬಲೆ ಧೂಳು ತೆಗೆಯುವುದು, ಇಷ್ಟು ಸಾಕು. ದೇವರ ದೀಪ, ಊದುಬತ್ತಿಯ ಹೊಗೆ ತಾಗುವಷ್ಟು ಹತ್ತಿರವೂ ಟಿವಿ ಇರಬಾರದು, ಏಕೆಂದರೆ ಆ ಜಿಡ್ಡಿಗೆ ಅಂಟಿದ ಧೂಳು ಬ್ರಷ್ಷಿಗೆ ಬಗ್ಗುವುದಿಲ್ಲ.

ಪರದೆ ಒರೆಸುವಾಗ ಆಗುವ ಹಾನಿ ಒರೆಸದೆ ಬಿಟ್ಟಾಗ ಆಗುವುದಿಲ್ಲ. ಕಿಟಕಿಯ ಗಾಜು ಒರೆಸುವ ದ್ರಾವಣವನ್ನು ಇಲ್ಲಿ ಬಳಸಬಾರದು; ಅದರಲ್ಲಿರುವ ಅಮೋನಿಯಾ ಅಥವಾ ಆಲ್ಕೋಹಾಲ್ ಪರದೆಯ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ. ಏನನ್ನೇ ಆಗಲಿ ಪರದೆಗೆ ನೇರವಾಗಿ ಸಿಂಪಡಿಸಬೇಡಿ. ಹನಿ ಕೆಳಕ್ಕೆ ಜಾರಿ ಅಂಚಿನ ಸಂದಿಯಲ್ಲಿ ಇಳಿಯುತ್ತದೆ. ಅಲ್ಲಿ ಕೂದಲಿಗಿಂತ ತೆಳುವಾದ ತಂತಿಗಳು ಗಾಜಿಗೆ ಅಂಟಿಕೊಂಡಿರುತ್ತವೆ, ಅವು ನೆನೆದರೆ ಪರದೆಯ ಮೇಲೆ ಗೆರೆಗಳು ಬರುತ್ತವೆ. ಆ ಗೆರೆಗಳಿಗೆ ಅಗ್ಗದ ರಿಪೇರಿಯಿಲ್ಲ. ಟಿವಿ ಆರಿಸಿ, ಅದರ ಬಿಸಿ ಇಳಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ. ಮಕ್ಕಳ ಎಣ್ಣೆ ಕೈಗುರುತು ಹೋಗದಿದ್ದರೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಬಟ್ಟೆಗೆ ತಾಗಿಸಿ, ಚೆನ್ನಾಗಿ ಹಿಂಡಿ ಒರೆಸಬಹುದು.

ಓಎಲ್‌ಇಡಿ ಟಿವಿ ಇರುವವರಿಗೆ ನಿಯಮ ಸ್ವಲ್ಪ ಬೇರೆ. ಅದರಲ್ಲಿ ಹಿಂದಿನ ದೀಪವೇ ಇಲ್ಲ, ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಸವೆಯುತ್ತದೆ. ಬೆಂಗಳೂರಿನಲ್ಲಿರುವ ನನ್ನ ಮಗನ ಮನೆಯಲ್ಲಿ ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿ ಬಿಡುತ್ತಿದ್ದರು. ಎರಡು ವರ್ಷವಾಗುವಷ್ಟರಲ್ಲಿ ಕೆಳಗಿನ ಕೆಂಪು ಪಟ್ಟಿಯೂ ಮೂಲೆಯ ಲಾಂಛನವೂ ಯಾವ ಚಿತ್ರ ಬಂದರೂ ಮಸುಕಾಗಿ ಕಾಣುವಂತೆ ಅಚ್ಚೊತ್ತಿಬಿಟ್ಟವು. ಈ ಬಗೆಯ ಟಿವಿಗಳು ನಾವು ರಿಮೋಟಿನಿಂದ ಆರಿಸಿದ ಮೇಲೆ ತಮ್ಮ ಚುಕ್ಕೆಗಳನ್ನು ತಾವೇ ಸರಿಪಡಿಸಿಕೊಳ್ಳುವ ಕೆಲಸ ಮಾಡುತ್ತವೆ. ಆದ್ದರಿಂದ ಅವುಗಳಿಗೆ ಗೋಡೆಯ ಸ್ವಿಚ್ಚನ್ನು ತಕ್ಷಣ ಆರಿಸಬಾರದು. ಹತ್ತಿಪ್ಪತ್ತು ನಿಮಿಷ ಬಿಟ್ಟು ಆರಿಸಿ. ಸಿಡಿಲಿನ ದಿನ ಮಾತ್ರ ಇದಕ್ಕೆ ಹೊರತು.

ಟಿವಿಯನ್ನು ಸಾಗಿಸುವಾಗ ಎಂದಿಗೂ ಮಲಗಿಸಬೇಡಿ, ಇಬ್ಬರು ಎರಡು ಬದಿಗಳಲ್ಲಿ ನೆಟ್ಟಗೆ ಹಿಡಿದು, ಪರದೆಗೆ ಬೆರಳು ಒತ್ತದಂತೆ ಒಯ್ಯಿರಿ. ಒಡೆದ ಪರದೆ ವಾರಂಟಿಯಲ್ಲಿ ಬರುವುದಿಲ್ಲ, ಹೊಸ ಪರದೆಯ ಖರ್ಚು ಹೊಸ ಟಿವಿಯ ಹತ್ತಿರಕ್ಕೇ ಹೋಗುವುದುಂಟು.

ಕೆಟ್ಟಿತು ಎಂದೊಡನೆ ಎಸೆಯುವ ಮುನ್ನ ಮೂರು ವಿಷಯ ನೋಡಿ. ಕರೆಂಟು ಇದೆಯೆಂದು ತೋರಿಸುವ ಮುಂಭಾಗದ ಕೆಂಪು ದೀಪವೂ ಬರದಿದ್ದರೆ ಸಾಮಾನ್ಯವಾಗಿ ಪವರ್ ಬೋರ್ಡಿನ ದೋಷ. ಧ್ವನಿಯಿದ್ದು ಚಿತ್ರವಿಲ್ಲದಿದ್ದರೆ ಟಾರ್ಚ್ ಹಿಡಿದು ನೋಡಿ. ಕೆಂಪು ದೀಪ ಮಿಣುಕುತ್ತಿದ್ದರೆ ಎಷ್ಟು ಬಾರಿ ಮಿಣುಕಿ ನಿಲ್ಲುತ್ತದೆ ಎಂದು ಎಣಿಸಿ ಬರೆದಿಡಿ. ಅನೇಕ ಟಿವಿಗಳಲ್ಲಿ ಆ ಎಣಿಕೆಯೇ ದೋಷ ಎಲ್ಲಿದೆ ಎಂದು ಮೆಕ್ಯಾನಿಕ್‌ಗೆ ಹೇಳುತ್ತದೆ. ಸ್ಮಾರ್ಟ್ ಟಿವಿ ನಿಧಾನವಾಯಿತೆಂದು ಬದಲಿಸುವವರೂ ಇದ್ದಾರೆ. ಬಳಸದ ಆ್ಯಪ್‌ಗಳನ್ನು ತೆಗೆದು, ಅಪ್‌ಡೇಟ್ ಮಾಡಿ, ಅದಕ್ಕೂ ಜಗ್ಗದಿದ್ದರೆ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ ಆ್ಯಪ್‌ಗಳನ್ನು ನಡೆಸುವ ಚಿಕ್ಕ ಸ್ಟಿಕ್ ಒಂದನ್ನು ಕೊಂಡರೆ ಹಳೆಯ ಪರದೆ ಹೊಸದರಂತೆಯೇ ಕೆಲಸ ಮಾಡುತ್ತದೆ.

ಬ್ಯಾಕ್‌ಲೈಟ್ ಬದಲಿಸುವಾಗ ಸುಟ್ಟ ಒಂದು ದೀಪವನ್ನಷ್ಟೇ ಹಾಕಿಸಬೇಡಿ, ಎಲ್ಲ ಪಟ್ಟಿಗಳನ್ನೂ ಹೊಸದಾಗಿ ಹಾಕಿಸಿ. ಉಳಿದವೂ ಅಷ್ಟೇ ವರ್ಷ ಉರಿದಿರುತ್ತವೆ. ನಮ್ಮ ಮೆಕ್ಯಾನಿಕ್ ಅಂದು ಹಾಗೆಯೇ ಮಾಡಿದ. ಮುಚ್ಚಳ ಕೂರಿಸುವ ಮೊದಲು ಆ ದಿನದ ತಾರೀಖನ್ನು ಚೀಟಿಯಲ್ಲಿ ಬರೆದು ಟಿವಿಯ ಬೆನ್ನಿಗೆ ಅಂಟಿಸಿದ, ಬ್ಯಾಕ್‌ಲೈಟನ್ನು ತಾನೇ 45ಕ್ಕೆ ಇಳಿಸಿ ರಿಮೋಟನ್ನು ನನ್ನ ಕೈಗೆ ಕೊಟ್ಟ. ಚೀಟಿ ಇನ್ನೂ ಅಲ್ಲಿಯೇ ಇದೆ, ಅಂಕಿಯೂ 45ರಲ್ಲಿಯೇ ಇದೆ.