ಮೂರನೆಯ ಮತ ಬೇಕೇ ಬೇಕು

ಜುಲೈ ತಿಂಗಳ ಒಂದು ಶನಿವಾರ ಸಂಜೆ ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡುತ್ತಿದ್ದೆ. ನಾನು ಸರ್ವರ್ ನೋಡಿಕೊಳ್ಳುವ ಕಂಪನಿಯ ಯಜಮಾನರ ಕರೆ ಬಂತು. “ಆರ್ಡರ್ ಇಮೇಲ್ ಖಾತೆಯಲ್ಲಿ ನನಗೆ ಕಾಣುವ ಪತ್ರ ಗೋದಾಮಿನವರಿಗೆ ಕಾಣುತ್ತಿಲ್ಲ. ಖಾತೆ ಒಂದೇ ಅಲ್ಲವೇ ಮಾರಾಯಾ?”

ಮಳೆಯಲ್ಲೇ ಲೋಕಲ್ ಹಿಡಿದು ಅಂಧೇರಿಯ ಕಚೇರಿಗೆ ಓಡಿದೆ. ಪರದೆ ನೋಡಿ ಎದೆ ಧಸಕ್ಕೆಂದಿತು. ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳಲೆಂದು ನಾನು ಜೋಡಿಯಾಗಿ ಕಟ್ಟಿದ್ದ ಎರಡೂ ಇಮೇಲ್ ಸರ್ವರ್‌ಗಳು, ಜಾಲದಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸ ಒಂದನ್ನೇ ಹಿಡಿದು, ತಾನೇ ಮುಖ್ಯ ಎಂದು ಪತ್ರ ಸ್ವೀಕರಿಸುತ್ತಿದ್ದವು. ಅವು ಪರಸ್ಪರ ಕ್ಷೇಮ ವಿಚಾರಿಸುವ ಹಾರ್ಟ್‌ಬೀಟ್ ಸಂದೇಶವೂ, ಡಿಆರ್‌ಬಿಡಿ ಎಂಬ ತಂತ್ರಾಂಶ ಒಂದರಿಂದ ಇನ್ನೊಂದಕ್ಕೆ ಮಾಡುವ ಡಿಸ್ಕ್ ನಕಲೂ ಒಂದೇ ಚಿಕ್ಕ ನೆಟ್‌ವರ್ಕ್ ಸ್ವಿಚ್ ಮೂಲಕ ಹೋಗುತ್ತಿದ್ದವು. ಅದರ ಅಡಾಪ್ಟರ್ ಸುಟ್ಟಿತ್ತು. ಉತ್ತರ ಬಾರದ್ದರಿಂದ ಒಂದು ಸತ್ತಿದೆ ಎಂದೇ ಇನ್ನೊಂದು ನಂಬಿತ್ತು.

ನಮ್ಮನ್ನು ಉಳಿಸಿದ್ದು ಪತ್ರಗಳನ್ನು ಡಿಸ್ಕಿನಲ್ಲಿ ಇಡುವ ಮೇಲ್‌ಡಿರ್ ಪದ್ಧತಿ. ಅದರಲ್ಲಿ ಪ್ರತಿ ಪತ್ರವೂ ಬೇರೆ ಕಡತ. ಹೆಸರಿನಲ್ಲೇ ಬಂದ ಸಮಯ ಮತ್ತು ಯಂತ್ರದ ಹೆಸರು ಇರುತ್ತದೆ. ಹಾಗಾಗಿ ಒಂದು ಕಡೆ ಇಲ್ಲದ್ದನ್ನು ಇನ್ನೊಂದು ಕಡೆಯಿಂದ ತಂದು ಸೇರಿಸಬಹುದಾಯಿತು. ಓದಿದ ಗುರುತು ಕಡತದ ಹೆಸರಿನ ಕೊನೆಗೆ ಸೇರುವುದರಿಂದ ಕೆಲವು ಪತ್ರಗಳು ಎರಡೆರಡಾದವು. ಅವನ್ನು ಬೇರ್ಪಡಿಸುವಷ್ಟರಲ್ಲಿ ಬೆಳಕು ಹರಿಯಿತು.

ಆ ರಾತ್ರಿಯವರೆಗೆ ಸೇವೆ ಎಂದೂ ನಿಲ್ಲಬಾರದು ಎಂಬುದೊಂದೇ ನನ್ನ ಹಟವಾಗಿತ್ತು. ಅದು ತಪ್ಪು. ಇಮೇಲ್ ಅರ್ಧ ಗಂಟೆ ನಿಂತರೆ ಪತ್ರ ಕಳೆದುಹೋಗುವುದಿಲ್ಲ. ಕಳಿಸಿದ ಸರ್ವರ್ ಅದನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಾಮಾನ್ಯವಾಗಿ ಕನಿಷ್ಠ 4–5 ದಿನ ಪ್ರಯತ್ನ ಬಿಡಬಾರದೆಂದು ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ಆದರೆ ಎರಡು ಸರ್ವರ್‌ಗಳು ಬೇರೆ ಬೇರೆ ದಾರಿ ಹಿಡಿದರೆ ಯಾವುದರ ಲೆಕ್ಕ ಸರಿ ಎಂದು ಹೇಳುವವರು ಯಾರು?

ಅದಕ್ಕಾಗಿ ಮೂರನೆಯ ಪುಟ್ಟ ಯಂತ್ರವನ್ನು ಪುಣೆಯ ಶಾಖೆಯಲ್ಲಿ ಇಟ್ಟೆ. ಅದರಲ್ಲಿ ಪತ್ರಗಳಿಲ್ಲ, ಮತ ಹಾಕುವುದಷ್ಟೇ ಅದರ ಕೆಲಸ. ಮೂರರಲ್ಲಿ ಎರಡು ಮತ ಸಿಗದ ಸರ್ವರ್ ಸುಮ್ಮನಾಗಬೇಕು. ಗೆದ್ದದ್ದು ಸೋತದ್ದರ ವಿದ್ಯುತ್ತನ್ನೇ ಕಡಿದು, ಅದು ನಿಂತಿದೆ ಎಂದು ಖಾತ್ರಿಯಾದ ಮೇಲಷ್ಟೇ ವಿಳಾಸ ಪಡೆಯುತ್ತದೆ. ಹಾರ್ಟ್‌ಬೀಟ್‌ಗೆ ಸ್ವಿಚ್ ಮುಟ್ಟದ ನೇರ ಕೇಬಲ್ ಒಂದನ್ನೂ ಎಳೆದೆ.

ಬೆಳಗಿನ ಹತ್ತು ಗಂಟೆಗೆ ಪತ್ರಗಳ ನೂಕುನುಗ್ಗಲೂ ಇತ್ತು. ಅದನ್ನು ನೀಗುವ ವೇಗಕ್ಕೆ ದೊಡ್ಡ ಪ್ರೊಸೆಸರ್ ಬೇಕಾಗಲಿಲ್ಲ. ಇಮೇಲ್ ಸ್ವೀಕರಿಸಿ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಪತ್ರವನ್ನು ಡಿಸ್ಕಿಗೆ ಬರೆದು ಮುಗಿಸಿದ ನಂತರವೇ “ಸ್ವೀಕರಿಸಿದೆ” ಎನ್ನುತ್ತದೆ. ಹಾಗಾಗಿ ಪತ್ರಗಳ ಸರದಿಯನ್ನು, ವಿದ್ಯುತ್ ಹೋದರೂ ದತ್ತಾಂಶ ಕಾಯುವ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕಿಗೆ ವರ್ಗಾಯಿಸಿದೆ. ಬರುವ ಪ್ರತಿ ಸಂಪರ್ಕಕ್ಕೂ ಹಲವು ಡಿಎನ್‌ಎಸ್ ವಿಚಾರಣೆ, ಅಂದರೆ ಹೆಸರು–ವಿಳಾಸಗಳ ಹುಡುಕಾಟ, ನಡೆಯುವುದರಿಂದ ಆ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಅನ್‌ಬೌಂಡ್ ತಂತ್ರಾಂಶವನ್ನು ಎರಡೂ ಸರ್ವರ್‌ಗಳಲ್ಲಿ ಹಾಕಿದೆ. ಆ ನೂಕುನುಗ್ಗಲು ಕರಗಿತು.

ಈಗ ತಿಂಗಳಿಗೊಮ್ಮೆ ಶನಿವಾರ ರಾತ್ರಿ, ಯಜಮಾನರಿಗೆ ತಿಳಿಸಿ, ಮುಖ್ಯ ಸರ್ವರ್‌ನ ಕೇಬಲ್‌ಗಳನ್ನು ನಾನೇ ಕೀಳುತ್ತೇನೆ. ಅದರ ಹಸಿರು ದೀಪ ಆರಿ, ಪಕ್ಕದ್ದು ವಿಳಾಸ ಹಿಡಿಯುವವರೆಗೆ ಕುರ್ಚಿಯ ಮೇಲೆ ಕೂರಲು ಇಂದಿಗೂ ಮನಸ್ಸಾಗುವುದಿಲ್ಲ.