ಹಲಸಿನ ಹಲಗೆಯಿಂದ ಮೊದಲ ಎಲೆಕ್ಟ್ರಿಕ್ ಗಿಟಾರ್

ಮೊದಲ ಗಿಟಾರಿಗೆ ಫ್ರೆಟ್ (ಸ್ವರಸ್ಥಾನದ ಲೋಹದ ಪಟ್ಟಿ) ಕೂರಿಸಿದ ಸಿದ್ಧ ನೆಕ್ಕನ್ನೇ (ಕತ್ತಿನ ಭಾಗ) ಕೊಂಡು, ಬಾಡಿಯನ್ನು (ಒಡಲು) ಮಾತ್ರ ನಾವೇ ಮಾಡಿಕೊಳ್ಳುವುದು ಒಳ್ಳೆಯದು. ಶಿರಸಿಯ ಕಡೆ ಸಿಗುವ, ಚೆನ್ನಾಗಿ ಒಣಗಿದ, 45 ಮಿ.ಮೀ. ದಪ್ಪದ ಹಲಸಿನ ಹಲಗೆ ಇದಕ್ಕೆ ಸಾಕು. ವೀಣೆಗೂ ಒದಗಿಬಂದ ಮರವದು.

ಹೆಚ್ಚಿನ ಎಚ್ಚರ ಬೇಕಾದದ್ದು, ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ಕೂರಿಸುವಾಗ. 648 ಮಿ.ಮೀ. ಸ್ಕೇಲಿನ (ನುಡಿಯುವ ತಂತಿಯ ಉದ್ದ) ನೆಕ್ಕಿನಲ್ಲಿ, ತಲೆಯ ಬಳಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ 12ನೇ ಫ್ರೆಟ್‌ಗೆ 324 ಮಿ.ಮೀ. ಇರುತ್ತದೆ, ಅಲ್ಲಿಂದ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗೂ ಅಷ್ಟೇ ಅಂತರವಿರಬೇಕು. ದಪ್ಪ ತಂತಿಗಳ ಸ್ಯಾಡಲ್‌ಗಳನ್ನು ಶ್ರುತಿ ಸರಿಪಡಿಸುವಾಗ ತುಸು ಹಿಂದಕ್ಕೆ ಸರಿಸಬೇಕಾಗುವುದರಿಂದ ಅದಕ್ಕೂ ಜಾಗ ಬಿಟ್ಟು, ಎರಡು ಸಲ ಅಳೆದ ಬಳಿಕವೇ ತೂತು ಕೊರೆಯಿರಿ.

ಆಷಾಢದ ಮಳೆಯಲ್ಲಿ ನಾನು ಹೊಡೆದ ಲ್ಯಾಕರ್ (ಮರಕ್ಕೆ ಹಚ್ಚುವ ಹೊಳಪಿನ ಲೇಪ), ಗಾಳಿಯ ತೇವಕ್ಕೆ ಗಂಜಿನೀರಿನಂತೆ ಬೆಳ್ಳಗಾಗಿತ್ತು. ಆದ್ದರಿಂದ ದೀಪಾವಳಿ ಕಳೆದ ಮೇಲೆ, 120ರಿಂದ 320ನೇ ನಂಬರಿನವರೆಗಿನ ಪಾಲಿಶ್ ಪೇಪರಿನಿಂದ ಎಳೆಯ ಗುಂಟ ಉಜ್ಜಿ, ಪ್ರತಿ ಕೋಟನ್ನೂ ತೆಳುವಾಗಿ ಹಚ್ಚಿ ಒಣಗಿಸಿರಿ.